ಕೊಡೆ ಬಿಚ್ಚದೆ ಕಳೆದ ಒಂದು ದಿನ

ಪಾಲಿಕೆಯೊಂದರ ನಗರ ಯೋಜನಾ ವಿಭಾಗದಲ್ಲಿ ಮೂವತ್ತು ವರ್ಷ ಕಡತ ನೋಡಿ ನಿವೃತ್ತನಾದವನಿಗೆ ಒಂದು ದುರಭ್ಯಾಸ ಉಳಿದುಬಿಡುತ್ತದೆ. ಯಾವ ಊರಿಗೆ ಹೋದರೂ ಅವನ ಕಣ್ಣು ಮೊದಲು ಗೋಪುರದ ಕಡೆಗೆ ಹೋಗುವುದಿಲ್ಲ, ಕಟ್ಟಡಕ್ಕೂ ರಸ್ತೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದರ ಕಡೆಗೆ ಹೋಗುತ್ತದೆ. ನವೆಂಬರ್ ಮೊದಲ ವಾರದಲ್ಲಿ, ಇಟಲಿಯ ಮಿಲಾನಿನಲ್ಲಿ ಕೆಲಸದಲ್ಲಿರುವ ಮಗಳ ಮನೆಯಿಂದ ಬೊಲೊನ್ಯಾಕ್ಕೆ ಒಂದು ದಿನದ ಮಟ್ಟಿಗೆ ಹೋಗಿ ಬರೋಣವೆಂದು ಹೊರಟಾಗಲೂ ನಾನು ಈ ಅಭ್ಯಾಸವನ್ನು ಮನೆಯಲ್ಲಿ ಬಿಟ್ಟು ಹೋಗಿರಲಿಲ್ಲ. ಮಗಳು ತನ್ನ ಫೋನಿನಲ್ಲಿ ಗಂಟೆ ಗಂಟೆಗೂ ಒಂದೊಂದು ಜಾಗವನ್ನು ಬರೆದಿಟ್ಟುಕೊಂಡಿದ್ದಳು. ನನ್ನ ಹೆಂಡತಿ ರಾತ್ರಿಯೇ ಚಪಾತಿ ಮತ್ತು ಆಲೂಗಡ್ಡೆ ಪಲ್ಯ ಮಾಡಿ ಡಬ್ಬಿಗೆ ತುಂಬಿಟ್ಟಿದ್ದಳು. ಮಧ್ಯಾಹ್ನದ ಮೇಲೆ ಮಳೆ ಬರಬಹುದೆಂದು ಫೋನು ಹೇಳಿದ್ದರಿಂದ ಮಗಳು ಹಿಂದಿನ ದಿನ ಕೊಂಡು ತಂದಿದ್ದ ಹೊಸ ಕೊಡೆಯನ್ನು ಹೊರುವ ಕೆಲಸ ನನ್ನ ಪಾಲಿಗೆ ಬಂದಿತು.

ಮಿಲಾನಿನಿಂದ ವೇಗದ ರೈಲಿನಲ್ಲಿ ಬೊಲೊನ್ಯಾ ಒಂದು ಗಂಟೆಯ ಮೇಲೆ ಕೆಲವೇ ನಿಮಿಷಗಳ ದಾರಿ. ಇಳಿದು ನಿಲ್ದಾಣದ ಹೊರಗೆ ಬಂದೊಡನೆ ನನ್ನಾಕೆ ಗೋಡೆಯ ಗಡಿಯಾರ ನೋಡಿ, “ರೀ, ಆಗಲೇ ಹತ್ತೂ ಇಪ್ಪತ್ತೈದು ಆಗಿಹೋಯಿತಲ್ಲ” ಎಂದಳು. ಆಗಿನ್ನೂ ಎಂಟೂವರೆ. ಆ ಗಡಿಯಾರ ಕೆಟ್ಟಿರುವುದಲ್ಲ, ಅದನ್ನು ಬೇಕೆಂದೇ ನಿಲ್ಲಿಸಲಾಗಿದೆ. 1980ರ ಆಗಸ್ಟ್ 2ರಂದು, ಬೇಸಿಗೆ ರಜೆಗೆ ಹೊರಟವರಿಂದ ತುಂಬಿದ್ದ ಎರಡನೇ ದರ್ಜೆಯ ನಿರೀಕ್ಷಣಾ ಕೊಠಡಿಯಲ್ಲಿ ಬೆಳಿಗ್ಗೆ 10.25ಕ್ಕೆ ಬಾಂಬು ಸಿಡಿದು 85 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಆಂಬುಲೆನ್ಸುಗಳು ಸಾಲದೆ ಹೋದಾಗ 37ನೇ ನಂಬರಿನ ಸಿಟಿ ಬಸ್ಸೊಂದು ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ದಿನವಿಡೀ ಶವಗಳನ್ನು ಸಾಗಿಸಿತು. ನಿರೀಕ್ಷಣಾ ಕೊಠಡಿಯ ಗೋಡೆಯಲ್ಲಿ ಅಂದು ಬಿದ್ದ ಸೀಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸತ್ತವರ ಹೆಸರುಗಳನ್ನೂ ವಯಸ್ಸುಗಳನ್ನೂ ಕೆತ್ತಿದ್ದಾರೆ. ಆ ಹೆಸರುಗಳ ಕೆಳಗೆ ಕುಳಿತ ಜನ ತಮ್ಮ ತಮ್ಮ ರೈಲಿಗೆ ಕಾಯುತ್ತಿದ್ದರು. ಮಗಳ ಪಟ್ಟಿಯಲ್ಲಿ ಈ ಜಾಗ ಇರಲಿಲ್ಲ. ಆದರೂ ಅಲ್ಲಿ ಹತ್ತು ನಿಮಿಷ ನಿಂತೆವು.

ನಿಲ್ದಾಣದ ಎದುರಿನ ಬಯಲನ್ನು ದಾಟಿದರೆ ಇಂದಿಪೆಂದೆಂಜಾ ಬೀದಿ ನೇರವಾಗಿ ಊರಿನ ನಡುವಿಗೆ ಹೋಗುತ್ತದೆ. ನಾನು ಕಾದಿದ್ದುದು ಇದಕ್ಕೆ. ಬೀದಿಯ ಪಕ್ಕದಲ್ಲಿ ಮನೆಗಳ ನೆಲ ಅಂತಸ್ತು ಹಿಂದಕ್ಕೆ ಸರಿದಿದೆ, ಮೇಲಂತಸ್ತುಗಳು ಮುಂದಕ್ಕೆ ಚಾಚಿ ಕಂಬಗಳ ಮೇಲೆ ನಿಂತಿವೆ, ನಡುವೆ ಉಳಿದ ಕಮಾನು ಸಾಲಿನ ಓಣಿಯಲ್ಲಿ ಜನ ನಡೆಯುತ್ತಾರೆ. ನಮ್ಮ ದೇವಸ್ಥಾನಗಳ ಒಳಸುತ್ತಿನ ಕೈಸಾಲೆಯನ್ನು ಬಿಡಿಸಿ ಊರ ಬೀದಿಗಳಿಗೆ ಹಾಸಿದರೆ ಹೇಗಿರುತ್ತದೋ ಹಾಗೆ. ಅವರು ಇದನ್ನು ಪೋರ್ತಿಕೊ ಎನ್ನುತ್ತಾರೆ. ಬೊಲೊನ್ಯಾದಲ್ಲಿ ಇಂಥ ಕೈಸಾಲೆಗಳ ಒಟ್ಟು ಉದ್ದ ಸುಮಾರು 62 ಕಿಲೋಮೀಟರು, ಅದರಲ್ಲಿ ಹೆಚ್ಚಿನ ಪಾಲು ಹಳೆಯ ಊರಿನೊಳಗೇ ಇದೆ. 2021ರಲ್ಲಿ ಯುನೆಸ್ಕೊ ಇವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವುಗಳ ಉದ್ದಕ್ಕಿಂತ ಹೆಚ್ಚಾಗಿ ಇವುಗಳ ಒಡೆತನ. ಕಂಬ, ಕಮಾನು, ಸೂರು, ಕಾಲ ಕೆಳಗಿನ ಹಾಸು, ಎಲ್ಲವೂ ಬಹುಪಾಲು ಮನೆಯ ಮಾಲೀಕನದೇ. ಅದನ್ನು ದುರಸ್ತಿಯಲ್ಲಿಡುವ ಹೊಣೆಯೂ ಅವನದೇ. ನಡೆಯುವ ಹಕ್ಕು ಮಾತ್ರ ಊರಿನ ಎಲ್ಲರದು. ಒಬ್ಬನ ಜಗಲಿ ಇನ್ನೊಬ್ಬನ ಜಗಲಿಗೆ ಕೂಡಿ, ಅದು ಮತ್ತೊಬ್ಬನದಕ್ಕೆ ಕೂಡಿ, ದಾರಿಯಾಗಿದೆ.

ಇದು ಯಾರೋ ಒಬ್ಬ ಉದಾರಿ ದೊರೆಯ ಯೋಜನೆಯಾಗಿರಬಹುದೆಂದು ನೀವು ಊಹಿಸಿದರೆ, ನಿಮಗೆ ನಗರಾಡಳಿತದ ಅನುಭವ ಇಲ್ಲವೆಂದೇ ಅರ್ಥ. ಇದರ ಮೂಲ ಶುದ್ಧ ಒತ್ತುವರಿ. ಬೊಲೊನ್ಯಾದ ವಿಶ್ವವಿದ್ಯಾಲಯ ತನ್ನ ಹುಟ್ಟನ್ನು 1088ರಿಂದ ಎಣಿಸುತ್ತದೆ. ಯೂರೋಪಿನ ಮೂಲೆ ಮೂಲೆಗಳಿಂದ ಕಾನೂನು ಓದಲು ಹುಡುಗರು ಬಂದು ತುಂಬಿದಂತೆ ಬಾಡಿಗೆಯ ಕೋಣೆಗಳಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಮನೆಯವರು ಮೇಲಂತಸ್ತಿನ ಮರದ ತೊಲೆಗಳನ್ನು ಬೀದಿಯ ಮೇಲಕ್ಕೆ ಚಾಚಿ, ಅದರ ಮೇಲೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಚಾಚು ಹೆಚ್ಚಾದಂತೆ ತೊಲೆ ಬಗ್ಗತೊಡಗಿತು, ಕೆಳಗಿನಿಂದ ಕಂಬ ಕೊಟ್ಟರು, ಅಲ್ಲಿಗೆ ಬೀದಿಯ ಒಂದು ಅಂಚು ಮನೆಯ ಕೆಳಗೆ ಸೇರಿಹೋಯಿತು. ಈ ಕಥೆಯ ಅರ್ಧ ಭಾಗವನ್ನು ನಾನು ನನ್ನ ನೌಕರಿಯ ಉದ್ದಕ್ಕೂ ಓದಿದ್ದೇನೆ. ಮೊದಲು ಸಜ್ಜೆ ಹೊರಬರುತ್ತದೆ, ಸಜ್ಜೆ ಬಾಲ್ಕನಿಯಾಗುತ್ತದೆ, ಬಾಲ್ಕನಿಗೆ ಗ್ರಿಲ್ಲು, ಗ್ರಿಲ್ಲಿನ ಹಿಂದೆ ಗಾಜು, ಕಡೆಗೆ ಅದು ಕೋಣೆಯಾಗಿ ಅದರಲ್ಲಿ ಪೇಯಿಂಗ್ ಗೆಸ್ಟ್ ಬಂದು ಕೂರುತ್ತಾನೆ. ನಾವು ನೋಟಿಸು ಕಳಿಸುತ್ತೇವೆ. ಉತ್ತರ ಬರುವುದಿಲ್ಲ. ಕಡತಕ್ಕೆ ಮತ್ತೊಂದು ಹಾಳೆ ಸೇರುತ್ತದೆ.

ಬೊಲೊನ್ಯಾದವರು ಉಳಿದರ್ಧವನ್ನು ಬೇರೆ ರೀತಿ ಬರೆದರು. ಚಾಚು ಕಟ್ಟಡಗಳನ್ನು ಕೆಡವಲಿಲ್ಲ, ಸುಮ್ಮನೆ ಬಿಡಲೂ ಇಲ್ಲ. 1288ರ ಕಟ್ಟಳೆಯಲ್ಲಿ, ಹೊಸ ಮನೆ ಕಟ್ಟುವವರೆಲ್ಲ ಬೀದಿಯ ಕಡೆಗೆ ಪೋರ್ತಿಕೊ ಇಟ್ಟೇ ಕಟ್ಟಬೇಕು, ಇಲ್ಲದಿದ್ದ ಮನೆಗಳವರು ಸೇರಿಸಬೇಕು, ಅದನ್ನು ಸ್ವಂತ ಖರ್ಚಿನಲ್ಲಿ ಕಾಪಾಡಬೇಕು ಎಂದು ವಿಧಿಸಿದರು. ಕುದುರೆಯ ಮೇಲೆ ಕುಳಿತವನು ತಲೆ ತಗ್ಗಿಸದೆ ಹೋಗುವಂತೆ ಕಮಾನಿನ ಎತ್ತರ ಬೊಲೊನ್ಯಾದ ಅಳತೆಯಲ್ಲಿ ಏಳು ಅಡಿ, ಅಂದರೆ 2.66 ಮೀಟರು, ಇರಬೇಕೆಂಬುದೂ ನಿಯಮವಾಯಿತು. ಮೇಲೆ ಎಷ್ಟು ಬೇಕಾದರೂ ಕಟ್ಟಿಕೋ, ಕೆಳಗಿನ ನೆಲವನ್ನು ನಡೆಯುವವನಿಗೆ ಬಿಡು. ಅಕ್ರಮ-ಸಕ್ರಮ ಎಂಬ ಪದಜೋಡಿ ಕೇಳಿದರೆ ಸಾಕು ದಂಡದ ಲೆಕ್ಕವೂ ತಡೆಯಾಜ್ಞೆಯೂ ನೆನಪಾಗುವ ನನಗೆ, ಏಳು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಂದು ಊರು ಒತ್ತುವರಿಯನ್ನು ಸಕ್ರಮ ಮಾಡುವಾಗ ಹಣಕ್ಕಿಂತ ನೆರಳನ್ನು ಮುಖ್ಯವಾಗಿ ಕೇಳಿತೆಂಬುದು, ಸತ್ಯವಾಗಿ ಹೇಳಬೇಕೆಂದರೆ, ಸ್ವಲ್ಪ ಅಸೂಯೆ ತರಿಸಿತು.

ಮಗಳು ಗಡಿಯಾರ ತೋರಿಸಿದಳು. ಪಿಯಾತ್ಸಾ ಮಜ್ಜೋರೆ ಎಂಬ ದೊಡ್ಡ ಚೌಕದ ಪಕ್ಕದಲ್ಲಿ ನಿಂತುಕೊಂಡೇ ಕಾಫಿ ಕುಡಿದು, ತ್ರಿಶೂಲ ಹಿಡಿದ ಸಮುದ್ರದೇವತೆ ನೆಪ್ಚೂನನ ಪ್ರತಿಮೆಗೆ ಒಂದು ನೋಟ ಕೊಟ್ಟು, ಜೋಡಿ ಗೋಪುರಗಳ ಕಡೆಗೆ ನಡೆದೆವು. ಅಸಿನೆಲ್ಲಿ ಗೋಪುರದ ಎತ್ತರ 97 ಮೀಟರು, ಒಳಗೆ 498 ಮೆಟ್ಟಿಲು. ಪಕ್ಕದ ಗಾರಿಸೆಂದಾ ಅದರ ಅರ್ಧದಷ್ಟೇ ಇದ್ದು, ಕುಡಿದವನಂತೆ ವಾಲಿ ನಿಂತಿದೆ. ಅದು ಕಟ್ಟಿದ ಕಾಲಕ್ಕೇ ಕುಸಿಯತೊಡಗಿದ್ದರಿಂದ ಹದಿನಾಲ್ಕನೇ ಶತಮಾನದಲ್ಲಿ ಅದರ ತಲೆ ಕತ್ತರಿಸಿ ಗಿಡ್ಡ ಮಾಡಿದರು. 2023ರ ಅಕ್ಟೋಬರಿನಲ್ಲಿ ಅದರ ಚಲನೆ ಆತಂಕ ಹುಟ್ಟಿಸಿದ ಮೇಲೆ ಬುಡದ ಸುತ್ತ ತಡೆಗೋಡೆ ಕಟ್ಟಿ, ಅಸಿನೆಲ್ಲಿಯನ್ನು ಹತ್ತುವುದನ್ನೂ ನಿಲ್ಲಿಸಿದರು. ಹೀಗಾಗಿ ಮೆಟ್ಟಿಲು ಹತ್ತುವ ಸಂಕಟ ನಮಗೆ ತಪ್ಪಿತು. ಅಲ್ಲಿಂದ ಸ್ತ್ರಾದಾ ಮಜ್ಜೋರೆಯಲ್ಲಿ ಸ್ವಲ್ಪ ದೂರ ಹೋದರೆ ಕಾಸಾ ಇಸೊಲಾನಿ ಸಿಗುತ್ತದೆ. ಹದಿಮೂರನೇ ಶತಮಾನದ ಆ ಮನೆಯ ಚಾಚನ್ನು ಸುಮಾರು ಒಂಬತ್ತು ಮೀಟರು ಎತ್ತರದ ಓಕ್ ಮರದ ಕಂಬಗಳು ಇಂದಿಗೂ ಹೊತ್ತಿವೆ. ಬೆಂಕಿಯ ಭಯಕ್ಕೂ ಬಾಳಿಕೆಗೂ ಊರೆಲ್ಲ ಇಟ್ಟಿಗೆ, ಕಲ್ಲಿನ ಕಂಬಗಳಿಗೆ ತಿರುಗಿದ ಮೇಲೆ ಉಳಿದ ಕೆಲವೇ ಮರದ ಕೈಸಾಲೆಗಳಲ್ಲಿ ಇದೊಂದು. ನಾನು ಒಂದು ಕಂಬಕ್ಕೆ ಕೈಯಿಟ್ಟು ನಿಂತೆ. ಸೂರಿನ ತೊಲೆಯಲ್ಲಿ ಯಾವ ಕಾಲದಲ್ಲೋ ಸಿಕ್ಕಿಕೊಂಡ ಮೂರು ಬಾಣಗಳಿವೆಯೆಂದು ಹೇಳುತ್ತಾರೆ. ಹೆಂಡತಿ ಮತ್ತು ಮಗಳು ಕತ್ತೆತ್ತಿ ಅವನ್ನು ಹುಡುಕಿದರು.

ಆರ್ಕಿಜಿನ್ನಾಸಿಯೊ ಎಂಬ ಹಳೆಯ ವಿಶ್ವವಿದ್ಯಾಲಯ ಭವನವನ್ನು ಅವಸರದಲ್ಲಿ ನೋಡಿದ್ದು ತಪ್ಪಾಯಿತು. ಗೋಡೆ, ಚಾವಣಿಗಳ ತುಂಬ ವಿದ್ಯಾರ್ಥಿಗಳ ಸಾವಿರಾರು ಲಾಂಛನಗಳು. ಶವ ಕೊಯ್ದು ಅಂಗರಚನೆ ಕಲಿಸುತ್ತಿದ್ದ ಮರದ ಕೋಣೆ 1944ರ ಜನವರಿಯಲ್ಲಿ ಬಾಂಬು ಬಿದ್ದು ನುಚ್ಚುನೂರಾಗಿದ್ದನ್ನು ಸಿಕ್ಕ ಚೂರುಗಳನ್ನೆಲ್ಲ ಆರಿಸಿ ಮತ್ತೆ ಕಟ್ಟಿದ್ದಾರೆ. ಇಲ್ಲಿ ಮಧ್ಯಯುಗದಲ್ಲಿ ವಿದ್ಯಾರ್ಥಿಗಳ ಸಂಘವೇ ಮೇಷ್ಟರುಗಳಿಗೆ ಸಂಬಳ ಕೊಟ್ಟು, ತಡವಾಗಿ ಬಂದರೆ ದಂಡವನ್ನೂ ಹಾಕುತ್ತಿತ್ತೆಂದು ಮಗಳು ಓದಿ ಹೇಳಿದಾಗ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನ್ನಾಕೆ ಏನೂ ಹೇಳದೆ ಮುಂದಿನ ಕೋಣೆಗೆ ಹೋದಳು.

ಹನ್ನೆರಡಕ್ಕೆ ಮುಂಚೆ ಸಾನ್ ಪೆತ್ರೋನಿಯೊ ಇಗರ್ಜಿಯೊಳಗೆ ಇರಲೇಬೇಕೆಂದು ಹಟ ಹಿಡಿದವಳು ಅವಳೇ. 1390ರಲ್ಲಿ ಕಟ್ಟಲು ಆರಂಭಿಸಿದ ಈ ಇಗರ್ಜಿಯ ಮುಖಕ್ಕೆ ಇಂದಿಗೂ ಕೆಳಗರ್ಧ ಮಾತ್ರ ಅಮೃತಶಿಲೆ, ಮೇಲರ್ಧ ಬರಿ ಇಟ್ಟಿಗೆ. ಕಾಮಗಾರಿ ಅಪೂರ್ಣವಾಗಿ ಉಳಿಯುವುದು ನಮ್ಮಲ್ಲಿ ಮಾತ್ರವಲ್ಲ ಎಂದು ನನಗೆ ಸಮಾಧಾನವಾಯಿತು. ಒಳಗೆ ನೆಲದ ಮೇಲೆ ಓರೆಯಾಗಿ ಓಡುವ 67 ಮೀಟರು ಉದ್ದದ ಲೋಹದ ಗೆರೆಯೊಂದಿದೆ. 1655ರಲ್ಲಿ ಖಗೋಳ ವಿಜ್ಞಾನಿ ಕಸ್ಸೀನಿ ಹಾಕಿಸಿದ್ದು. ಭೂಮಿಯ ಸುತ್ತಳತೆಯನ್ನು ಆರು ಲಕ್ಷ ಭಾಗ ಮಾಡಿದರೆ ಒಂದು ಭಾಗ ಈ ಗೆರೆಯಷ್ಟಾಗುತ್ತದೆ. 27 ಮೀಟರು ಎತ್ತರದ ಚಾವಣಿಯಲ್ಲಿ ಒಂದು ಸಣ್ಣ ತೂತು. ಅದರಿಂದ ಇಳಿದ ಸೂರ್ಯನ ಬಿಂಬ ನಡುಹಗಲಿನಲ್ಲಿ ಈ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ತೂತಿನ ಬುಡದ ಹತ್ತಿರ, ಚಳಿಗಾಲದಲ್ಲಿ ಗೆರೆಯ ಕೊನೆಯಲ್ಲಿ. ಈಸ್ಟರ್ ಹಬ್ಬದ ದಿನವನ್ನು ಸರಿಯಾಗಿ ಗೊತ್ತುಮಾಡಲು ಇಗರ್ಜಿಗೆ ಇಂಥ ಲೆಕ್ಕ ಬೇಕಾಗಿತ್ತು. ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ಹಾದುಬರುವ ಬಿಸಿಲಿಗೆ ಕಾಯುವ ಜನರ ಹಾಗೆ ನಾವು ಹದಿನೈದಿಪ್ಪತ್ತು ಜನ ಗೆರೆಯ ಎರಡೂ ಕಡೆ ನಿಂತೆವು. ಗಡಿಯಾರದ ಹನ್ನೆರಡಕ್ಕೆ ಇನ್ನೂ ಒಂದೆರಡು ನಿಮಿಷ ಇದ್ದಾಗ, ಊಟದ ತಟ್ಟೆಗಿಂತ ದೊಡ್ಡದಾದ ಮಸುಕು ಬೆಳಕಿನ ಬಿಲ್ಲೆ ಮೆಲ್ಲನೆ ಬಂದು ಗೆರೆಯನ್ನು ಮುಟ್ಟಿ, ನೋಡನೋಡುತ್ತಲೇ ದಾಟಿಹೋಯಿತು. ನೆಲದ ಮೇಲಿನ ರಾಶಿಗಳ ಗುರುತು ನೋಡಿ ನನ್ನಾಕೆ, “ಇವರ ಸೂರ್ಯ ಆಗಲೇ ವೃಶ್ಚಿಕಕ್ಕೆ ಹೋಗಿದ್ದಾನಲ್ಲ, ನಮ್ಮಲ್ಲಿ ತುಲಾಮಾಸ ಮುಗಿಯಲು ಇನ್ನೂ ಎಷ್ಟು ದಿನವಿದೆ” ಎಂದಳು. ಅವರದು ಋತುಗಳನ್ನು ಹಿಡಿದು ರಾಶಿ ಎಣಿಸುವ ಸಾಯನ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯನ, ನಡುವೆ ಸುಮಾರು 24 ಅಂಶಗಳ ಅಂತರ ಎಂದು ತಾನೇ ಮಗಳಿಗೆ ವಿವರಿಸಿದಳು. ಇಡೀ ದಿನದಲ್ಲಿ ಅವಳ ಮುಖ ಅತಿ ಹೆಚ್ಚು ಬೆಳಗಿದ್ದು ಆ ಬಿಲ್ಲೆಯ ಮುಂದೆ.

ಚೌಕದ ಪಕ್ಕದಲ್ಲೇ ಕ್ವಾದ್ರಿಲಾತೆರೊ ಎಂಬ ಹಳೆಯ ಪೇಟೆ. ಓಣಿಗಳು ಚಿಕ್ಕಪೇಟೆಯಷ್ಟೇ ಕಿರಿದು. ಅಂಗಡಿಗಳ ಮುಂದೆ ಹಂದಿಯ ಇಡೀ ತೊಡೆಗಳೂ, ತೋಳಿಗಿಂತ ದಪ್ಪನೆಯ ಮೊರ್ತಾದೆಲ್ಲಾ ಎಂಬ ಹಂದಿಮಾಂಸದ ಸಾಸೇಜುಗಳೂ ನೇತಾಡುತ್ತವೆ. ಹೆಂಡತಿ ಅವುಗಳ ಕಡೆ ನೋಡದೆ ಹಣ್ಣಿನ ಅಂಗಡಿಯ ಕಡೆ ನೋಡುತ್ತ ನಡೆದಳು. ಮಗಳು ಮಾತ್ರ ಒಂದು ಗಾಜಿನ ಮುಂದೆ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಳೆಂದು ನನಗನ್ನಿಸಿತು. ನಮ್ಮಿಬ್ಬರನ್ನೂ ಹಿಡಿದು ನಿಲ್ಲಿಸಿದ್ದು ಇನ್ನೊಂದು ಗಾಜು. ಅದರ ಹಿಂದೆ ವಯಸ್ಸಾದ ಹೆಂಗಸೊಬ್ಬಳು ಒಂದು ಮೀಟರಿನಷ್ಟು ಉದ್ದದ ಲಟ್ಟಣಿಗೆಯಿಂದ ಹಿಟ್ಟು ಲಟ್ಟಿಸುತ್ತಿದ್ದಳು. ನೂರು ಗ್ರಾಂ ಮೈದಾ ಹಿಟ್ಟಿಗೆ ಒಂದು ಮೊಟ್ಟೆ, ಅಷ್ಟೇ ಲೆಕ್ಕ, ನೀರಿಲ್ಲ. ಹಾಳೆಯನ್ನು ಕಣ್ಣಿಗೆ ಹಿಡಿದರೆ ಅದರ ಮೂಲಕ ಬೆಟ್ಟದ ಮೇಲಿನ ಸಾನ್ ಲುಕಾ ಇಗರ್ಜಿ ಕಾಣಬೇಕು ಎಂಬುದು ಇಲ್ಲಿಯವರ ಮಾತು. “ಬೆಳಗಾವಿಯ ಮಂಡಿಗೆ ಮಾಡುವವರು ಇವಳನ್ನು ಒಪ್ಪಿಕೊಳ್ಳುತ್ತಾರೆ” ಎಂದು ಹೆಂಡತಿ ಪ್ರಮಾಣಪತ್ರ ಕೊಟ್ಟಳು. ಆ ಹಾಳೆಯನ್ನು ಸುತ್ತಿ ಕತ್ತರಿಸಿದರೆ ತಾಲ್ಯಾತೆಲ್ಲೆ. ಅದರ ಅಗಲ ಬೇಯಿಸಿದ ಮೇಲೆ ಎಂಟು ಮಿಲಿಮೀಟರು ಇರಬೇಕು. ಅಸಿನೆಲ್ಲಿ ಗೋಪುರದ ಎತ್ತರದ 12,270ನೇ ಒಂದು ಭಾಗ ಎಂದು 1972ರಲ್ಲಿ ಇಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ಬಂಗಾರದ ಮಾದರಿಯೊಂದನ್ನು ಇಟ್ಟು ದಾಖಲಿಸಿದ್ದಾರೆ. ಶ್ಯಾವಿಗೆಗೂ ನಕ್ಷೆ ಮಂಜೂರಾತಿ ಬೇಕೆನ್ನುವ ಊರು ನನಗೆ ಹಿಡಿಸದೆ ಇರುವುದು ಹೇಗೆ?

ಆದರೆ ಮೊಟ್ಟೆ ಹಾಕಿದ್ದನ್ನು ನನ್ನಾಕೆ ತಿನ್ನುವುದಿಲ್ಲ. ಮಗಳು ಆ ಪೇಟೆಯ ಓಣಿಯೊಂದರಲ್ಲಿ ಹೆಸರಿನ ಫಲಕವೂ ಇಲ್ಲದಂತೆ ಕಾಣುವ ಒಂದು ಬಾಗಿಲಿನೊಳಗೆ ಕರೆದುಕೊಂಡು ಹೋದಳು. ಅದು ಒಸ್ತೆರಿಯಾ ದೆಲ್ ಸೋಲೆ, 1465ರಿಂದ ನಡೆದುಬಂದಿರುವ ಮದ್ಯದಂಗಡಿ. ಅಲ್ಲಿ ಕುಡಿಯುವುದಕ್ಕೆ ಮಾತ್ರ ಕೊಡುತ್ತಾರೆ. ತಿನ್ನುವುದನ್ನು ಗಿರಾಕಿಯೇ ಹೊರಗಿನಿಂದ ತರಬೇಕು. ಉದ್ದನೆಯ ಮರದ ಮೇಜುಗಳ ಮೇಲೆ ಜನ ಕಾಗದದ ಪೊಟ್ಟಣ ಬಿಚ್ಚಿ ಬ್ರೆಡ್ಡು, ಗಿಣ್ಣು (ಚೀಸ್), ಮಾಂಸದ ಚೂರುಗಳನ್ನು ಹರಡಿಕೊಂಡಿದ್ದರು. ನಾವು ಚಪಾತಿಯ ಡಬ್ಬಿ ತೆರೆದೆವು. ಮದ್ಯದಂಗಡಿಯ ಹೊಸ್ತಿಲು ತುಳಿಯುವುದು ಜೀವನದಲ್ಲಿ ಇದೇ ಮೊದಲೆಂದು ಬಾಗಿಲಲ್ಲಿ ಹಿಂಜರಿದಿದ್ದ ಹೆಂಡತಿ, ಒಳಗೆ ಕುಳಿತ ಹತ್ತು ನಿಮಿಷದಲ್ಲಿ ಪಕ್ಕದ ಮೇಜಿನ ಮುದುಕನಿಗೆ ಒಂದು ಚಪಾತಿಯಲ್ಲಿ ಪಲ್ಯ ಸುತ್ತಿ ಕೊಟ್ಟಿದ್ದಳು. ಬುತ್ತಿ ಬಿಚ್ಚಲು ಐದೂವರೆ ಶತಮಾನದಿಂದ ಜಾಗ ಕೊಡುತ್ತ ಬಂದಿರುವ ಅಂಗಡಿಯೂ ಒಂದು ಬಗೆಯ ಜಗಲಿಯೇ.

ಎರಡೂವರೆಗೆ ಪೋರ್ತಾ ಸರಗೋತ್ಸಾ ಎಂಬ ಊರ ಹೆಬ್ಬಾಗಿಲ ಹತ್ತಿರ ಇಳಿಯುವಾಗ ಮಳೆ ಹನಿಯುತ್ತಿತ್ತು. ಇಲ್ಲಿಂದ ಸಾನ್ ಲುಕಾ ಬೆಟ್ಟದ ತುದಿಯವರೆಗೆ ಒಂದೇ ಸಮನೆ ಹೋಗುವ ಕೈಸಾಲೆಯ ಉದ್ದ ಸುಮಾರು 3.8 ಕಿಲೋಮೀಟರು, ಕಮಾನುಗಳು 666. ಈ ಬೆಟ್ಟದ ಮೇಲಿನ ಮಾತೆ ಮರಿಯಳ ಚಿತ್ರಪಟವನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಮೆರವಣಿಗೆಯಲ್ಲಿ ಊರಿಗೆ ಇಳಿಸಿಕೊಂಡು ಬರುತ್ತಾರೆ. ಅದರ ಆರಂಭ 1433ರಲ್ಲಿ. ಬಿಡದೆ ಸುರಿದ ಮಳೆಗೆ ಬೆಳೆ ಕೊಳೆಯುತ್ತಿದ್ದಾಗ ಪಟವನ್ನು ಊರೊಳಗೆ ತಂದರು, ಮಳೆ ನಿಂತಿತು. ಕಪ್ಪೆಗಳ ಮದುವೆ ಮಾಡಿ ಮಳೆ ಕರೆಯುವ ನಾಡಿನವರಿಗೆ ಮಳೆಯನ್ನು ಕಳಿಸಿಕೊಡುವ ದೇವತೆ ಸ್ವಲ್ಪ ಅಪರಿಚಿತಳೇ. ಆ ಮೆರವಣಿಗೆ ನೆನೆಯದಿರಲೆಂದು 1674ರಲ್ಲಿ ಈ ಕೈಸಾಲೆಯ ಕೆಲಸ ಶುರುವಾಯಿತು. ಖರ್ಚಿಗೆ ಊರಿನವರು ವಂತಿಗೆ ಕೊಟ್ಟರು. ಸಾಮಗ್ರಿ ಬೆಟ್ಟಕ್ಕೆ ಸಾಗಿಸಲು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಬೀದಿಯ ಕೈಸಾಲೆಗಳಲ್ಲಿ ಮೇಲೆ ಮನೆಯಿದೆ, ಬಾಡಿಗೆಯಿದೆ. ಇಲ್ಲಿ ಮೇಲೆ ಹೆಂಚು ಬಿಟ್ಟು ಇನ್ನೇನೂ ಇಲ್ಲ. ಒತ್ತುವರಿಯಲ್ಲಿ ಹುಟ್ಟಿದ ಒಂದು ಅಭ್ಯಾಸ ನಾಲ್ಕು ನೂರು ವರ್ಷಗಳಲ್ಲಿ ಊರಿನ ಸ್ವಭಾವವಾಗಿ, ಲಾಭವಿಲ್ಲದ ಕಡೆಗೂ ಹಬ್ಬಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೆಲೊಂಚೆಲ್ಲೊ ಎಂಬಲ್ಲಿ ಬಾಗಿದ ಕಮಾನೊಂದು ರಸ್ತೆಯನ್ನು ಮೇಲಿನಿಂದ ದಾಟುತ್ತದೆ. ಅಲ್ಲಿಯವರೆಗೆ ಸಪಾಟು, ಆಮೇಲೆ ಏರು. ಮೈಸೂರಿನವಳಾದ ನನ್ನಾಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬೆಳೆದವಳು. ಸೀರೆಯ ಕೆಳಗೆ ಮಗಳ ಹಳೆಯ ಬೂಟು ತೊಟ್ಟು, ಒಂದೇ ಹದದಲ್ಲಿ, ಮಾತಾಡದೆ ಹತ್ತಿದಳು. ನಾನು ಮಾತ್ರ ನೂರು ಕಮಾನಿಗೊಮ್ಮೆ ತೋರಣ ಕಂಬದ ಕೆತ್ತನೆ ನೋಡುವ ನೆಪದಲ್ಲಿ ನಿಂತೆ. ಓಡುವ ಹುಡುಗರು, ನಾಯಿ ಕರೆತಂದವರು, ಜಪಸರ ಎಣಿಸುತ್ತ ಹತ್ತುವ ಮುದುಕಿಯರು ನನ್ನನ್ನು ದಾಟಿಹೋದರು. ಹೊರಗೆ ಮಳೆ ಜೋರಾಗಿ, ಪ್ರತಿ ಕಮಾನಿನ ಅಂಚಿನಿಂದ ನೀರಿನ ಪರದೆ ಇಳಿಯುತ್ತಿತ್ತು. ಒಳಗೆ ನೆಲ ಒಣಗಿತ್ತು. ಕಂಕುಳಲ್ಲಿದ್ದ ಕೊಡೆ ಊರುಗೋಲಾಗಿ ಉಪಯೋಗಕ್ಕೆ ಬಂದಿತು. ಮೇಲೆ ತಲುಪಿದಾಗ ನಾಲ್ಕೂ ಕಾಲು. ಫೋಟೋಗಳಲ್ಲಿ ಕಾಣುವ ಕೆಂಪು ಹೆಂಚಿನ ಊರು ಎಲ್ಲೂ ಇರಲಿಲ್ಲ, ಮಂಜು ನುಂಗಿತ್ತು. ಮಗಳು ಪೆಚ್ಚಾದಳು. ನನಗೆ ಅಂಥ ನಷ್ಟವೇನೂ ಅನ್ನಿಸಲಿಲ್ಲ. ನೋಡಬೇಕಾದ್ದರ ಒಳಗೇ ಒಂದೂ ಮುಕ್ಕಾಲು ಗಂಟೆ ನಡೆದುಬಂದಿದ್ದೆವು.

ರಾತ್ರಿಯ ಊಟಕ್ಕೆ ಇಲ್ಲಿ ಏಳೂವರೆಗೆ ಮುಂಚೆ ಅಡುಗೆಮನೆ ತೆರೆಯುವುದು ಅಪರೂಪ. ಕಾಲು ಸೋತ ಮೂವರು ಬಾಗಿಲು ತೆರೆಯುವ ಹೊತ್ತಿಗೇ ಒಂದು ಸಣ್ಣ ಹೋಟೆಲಿನೊಳಗೆ ಹೋಗಿ ಕುಳಿತೆವು. ಹೆಂಡತಿಗಾಗಿ ಮಗಳು ಒಂದೊಂದನ್ನೇ ಕೇಳಿದಳು. ಈರುಳ್ಳಿ, ಟೊಮೇಟೊ ಹಾಕಿ ಗಂಟೆಗಟ್ಟಲೆ ಬೇಯಿಸಿದ ಫ್ರಿಜ್ಜೋನೆ ಎಂಬ ಗೊಜ್ಜು? ಅದರಲ್ಲಿ ಹಂದಿಯ ಕೊಬ್ಬಿದೆ. ನಮ್ಮ ಪೂರಿಯಂತೆ ಉಬ್ಬಿದ ಕ್ರೆಶೆಂತೀನೆ? ಕರಿದದ್ದೇ ಹಂದಿಯ ಕೊಬ್ಬಿನಲ್ಲಿ. ಮೇಲೆ ಉದುರಿಸುವ ಪಾರ್ಮಿಜಾನೊ ಗಿಣ್ಣು? ಹಾಲು ಒಡೆಯಲು ಕರುವಿನ ಹೊಟ್ಟೆಯ ಹೆಪ್ಪು ಬೇಕು. ಪೋ ನದಿಯ ಬಯಲಿನಲ್ಲಿ ಈ ಗಿಣ್ಣಿನ ಹಸುಗಳ ಹಾಲು ಕರೆಯುವವರಲ್ಲಿ ಪಂಜಾಬಿನ ಸಿಖ್ಖರೇ ಬಹಳ ಜನ ಇದ್ದಾರೆಂಬುದು ಬೇರೆ ಮಾತು. ಬಡಿಸುವ ಹುಡುಗ ಯಾವುದನ್ನೂ ಮುಚ್ಚಿಡದೆ ಹೇಳಿ, ಒಳಗೆ ಹೋಗಿ ವಿಚಾರಿಸಿ, ಎಣ್ಣೆಯಲ್ಲಿ ಸುಟ್ಟ ಬದನೆ, ದಪ್ಪ ಮೆಣಸಿನಕಾಯಿ, ಆಲೂಗಡ್ಡೆ, ಬ್ರೆಡ್ಡು ತಂದಿಟ್ಟ. ನಾನು ಹೊರಗೆ ಹೋದಾಗ ಮೊಟ್ಟೆಗೆ ವಿನಾಯಿತಿ ಕೊಟ್ಟುಕೊಂಡವನು. ಮೃದು ಗಿಣ್ಣು ತುಂಬಿದ, ಬೆಣ್ಣೆಯಲ್ಲಿ ಸೇಜ್ ಎಲೆ ಬಾಡಿಸಿ ಹೊರಳಿಸಿದ ತೊರ್ತೆಲ್ಲೋನಿ ತರಿಸಿಕೊಂಡೆ. ಕಡುಬಿನ ದೂರದ ಸಂಬಂಧಿಯಂತಿದ್ದ ಅದು ಬಾಯಿಗಿಟ್ಟರೆ ಕರಗುತ್ತಿತ್ತು.

ಮಗಳ ಸರದಿ ಬಂದಾಗ ಅವಳು ಪಟ್ಟಿಯನ್ನು ಎರಡು ಸಲ ತಿರುವಿದಳು. ಆಮೇಲೆ, ಅಮ್ಮನ ಕಡೆ ನೋಡದೆ, ತಾಲ್ಯಾತೆಲ್ಲೆ ಅಲ್ ರಗೂ ಎಂದಳು. ರಗೂ ಎಂದರೆ ಕೊಚ್ಚಿದ ದನದ ಮತ್ತು ಹಂದಿಯ ಮಾಂಸವನ್ನು ಸಣ್ಣ ಉರಿಯಲ್ಲಿ ಹೊತ್ತುಗಟ್ಟಲೆ ಬೇಯಿಸಿದ್ದು ಎಂದು ಬೆಳಗಿನಿಂದ ಅದೇ ಮಗಳು ನಮಗೆ ಹೇಳಿಕೊಟ್ಟಿದ್ದಳು. ಅವಳು ಇಲ್ಲಿಗೆ ಬಂದು ನಾಲ್ಕು ವರ್ಷವಾಯಿತು. ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ತಟ್ಟೆ ಬಂದು ಮೇಜಿನ ಮೇಲೆ ಕುಳಿತಿತು. ಎಂಟು ಮಿಲಿಮೀಟರಿನ ಪಟ್ಟಿಗಳ ಮೇಲೆ ಕಂದು ಬಣ್ಣದ ಗೊಜ್ಜು, ಹಬೆ. ಮೂವರೂ ಸುಮ್ಮನಿದ್ದೆವು. ಕೊನೆಗೆ ನನ್ನಾಕೆ ತನ್ನ ಬದನೆಯ ಹೋಳು ಕತ್ತರಿಸುತ್ತ, “ಬಿಸಿಯಾಗಿರುವಾಗಲೇ ತಿನ್ನು, ಆರಿದರೆ ಅದು ಚೆನ್ನಾಗಿರುವುದಿಲ್ಲ” ಎಂದಳು. ಯಾವ ದಂಡವೂ ಇಲ್ಲದೆ ಸಕ್ರಮವಾದ ಒಂದು ಕಡತ ನನ್ನ ಕಣ್ಣ ಮುಂದೆಯೇ ವಿಲೇವಾರಿಯಾಯಿತು.

ಬಿಲ್ಲಿನಲ್ಲಿ ಒಬ್ಬೊಬ್ಬರಿಗೂ ಕೂತದ್ದಕ್ಕೆಂದು ಸೇರಿಸಿದ ಮೊತ್ತದ ಬಗ್ಗೆ ನಾನು ತಗಾದೆ ತೆಗೆಯದಂತೆ ಇಬ್ಬರೂ ಸೇರಿ ನನ್ನನ್ನು ಹೊರಗೆ ಕಳಿಸಿದರು. ಮಳೆ ಇನ್ನೂ ಸುರಿಯುತ್ತಿತ್ತು. ದೀಪ ಹಚ್ಚಿದ ಕೈಸಾಲೆಗಳಲ್ಲಿ ಊರು ಆಗತಾನೇ ಸಂಜೆ ಆರಂಭಿಸಿದಂತೆ ಓಡಾಡುತ್ತಿತ್ತು. ಗಾಡಿಯಲ್ಲಿ ಮಗುವನ್ನು ತಳ್ಳುವವರು, ಕಂಬಕ್ಕೆ ಒರಗಿ ಮಾತಾಡುವ ವಿದ್ಯಾರ್ಥಿಗಳು, ಹಾಸಿಗೆ ಸುರುಳಿಯೊಂದಿಗೆ ಮೂಲೆಯಲ್ಲಿ ಮಲಗಲು ಅಣಿಯಾಗುತ್ತಿದ್ದ ಒಬ್ಬ. ಇಂದಿಪೆಂದೆಂಜಾ ಬೀದಿಯ ಉದ್ದಕ್ಕೂ ಒಂದು ಹನಿ ಮೈಗೆ ತಾಕಲಿಲ್ಲ. ಬೀದಿ ಮುಗಿದು, ಕೊನೆಯ ಕಮಾನಿಗೂ ನಿಲ್ದಾಣಕ್ಕೂ ನಡುವಿನ ಬಯಲು ಬಂದಾಗ, ಕೊಡೆಗೆ ಸುತ್ತಿದ್ದ ಅಂಗಡಿಯ ಪಟ್ಟಿಯನ್ನು ಮಗಳು ಹಲ್ಲಿನಿಂದ ಕಚ್ಚಿ ಹರಿದಳು. ಮೂವರೂ ಅದರ ಕೆಳಗೆ ಒತ್ತಿಕೊಂಡು, 10.25 ತೋರಿಸುತ್ತಿದ್ದ ಗಡಿಯಾರದ ಕಡೆಗೆ ಓಡಿದೆವು.